ಇನ್ನೂ ಶುದ್ಧವಾಗಬೇಕಿದ್ದ ನೀರು

ಮೊದಲು ಸತ್ತದ್ದು ಸೀಗಡಿ.

2005ರ ಜುಲೈ, ಮೊದಲ ಗುರುವಾರ. ಭೋಸರಿಯಲ್ಲಿ ನಮ್ಮ ಕಾರ್ಖಾನೆಗೆ ಗುರುವಾರವೇ ವಾರದ ರಜೆ, ಹಾಗಾಗಿ ನಾನು ಮನೆಯಲ್ಲಿದ್ದೆ. ಕೆಂಪು ಬಿಳಿ ಪಟ್ಟೆಯ ಆ ಸೀಗಡಿ, ಮನೆಯ ಗಾಜಿನ ಟ್ಯಾಂಕಿನೊಳಗೆ ಕೈಯಿಟ್ಟರೆ ಬಂದು ನನ್ನ ಉಗುರಿನ ಸಂದಿಯನ್ನು ಕೆದಕಿ ಸ್ವಚ್ಛ ಮಾಡುತ್ತಿತ್ತು. ಅಂದು ಮರಳಿನ ಮೇಲೆ ಅಂಗಾತ ಬಿದ್ದು ಕಾಲುಗಳನ್ನು ನಿಧಾನವಾಗಿ ಆಡಿಸುತ್ತಿತ್ತು. ಮಧ್ಯಾಹ್ನದ ಹೊತ್ತಿಗೆ ಅದೂ ನಿಂತಿತು. ಡೈರಿಯಲ್ಲಿ ತಾರೀಖು ಹಾಕಿ, ‘ಸೀಗಡಿ, ಕಾರಣ ತಿಳಿಯದು’ ಎಂದು ಬರೆದೆ. ಕಾರಣ ತಿಳಿಯದು ಎಂಬ ಮಾತನ್ನು ಆ ಮಳೆಗಾಲದಲ್ಲಿ ಎಷ್ಟು ಸಲ ಬರೆದೆನೋ, ಕೊನೆಕೊನೆಗೆ ಪ್ರಾಣಿಯ ಹೆಸರಿನ ಮುಂದೆ ಬರೀ ಗೆರೆ ಎಳೆಯುತ್ತಿದ್ದೆ.

ನಾನಾಗ ಇಪ್ಪತ್ತಮೂರರವಳು. ಎಂಜಿನ್ನಿನ ಬಿಡಿಭಾಗಗಳನ್ನು ಅಳೆದು ನೋಡುವ ವಿಭಾಗದಲ್ಲಿ ಕೆಲಸ. ಅಳತೆ ಸರಿಯಿದ್ದರೆ ಹಸಿರು ಚೀಟಿ, ತಪ್ಪಿದ್ದರೆ ಕೆಂಪು ಚೀಟಿ. ಎಲ್ಲವನ್ನೂ ಬರೆದಿಡುವುದು ಅಲ್ಲಿ ಅಂಟಿದ ಚಟವೋ, ಆ ಚಟವಿದ್ದದ್ದಕ್ಕೇ ಅಲ್ಲಿ ಕೆಲಸ ಸಿಕ್ಕಿತೋ ಹೇಳಲಾರೆ. ನಮ್ಮ ಮನೆಯಲ್ಲಿ ಸಮುದ್ರದ ಕಡೆಯವರು ಯಾರೂ ಇಲ್ಲ. ಅಪ್ಪ ಬಾಗಲಕೋಟೆ ಕಡೆಯಿಂದ ಈ ಮರಾಠಿ ಸೀಮೆಗೆ ಬಂದು ಬಟ್ಟೆ ವ್ಯಾಪಾರಿಯೊಬ್ಬರಲ್ಲಿ ಗುಮಾಸ್ತರಾದವರು. ಒಮ್ಮೆ ಹಲ್ಲುನೋವೆಂದು ಹೋದಾಗ ದವಾಖಾನೆಯ ಕಾಯುವ ಕೋಣೆಯಲ್ಲಿ ಹವಳದ ಟ್ಯಾಂಕ್ ನೋಡಿದೆ. ನನ್ನ ಸರದಿ ಬಂದು ಕೂಗಿದಾಗ ಹಿಂದಿದ್ದವರನ್ನು ಮುಂದೆ ಕಳಿಸಿದೆ. ಕಲ್ಲಿನ ಮೇಲೆ ಬದುಕಿರುವ ವಸ್ತು ಹೂವಿನ ಹಾಗೆ ಅರಳುತ್ತದೆ, ನೆರಳು ಬಿದ್ದರೆ ಮುಚ್ಚಿಕೊಳ್ಳುತ್ತದೆ ಎಂಬುದನ್ನು ಅಲ್ಲಿಯವರೆಗೆ ನಾನು ಕಂಡಿರಲಿಲ್ಲ.

ನಿಗಡಿಯ ನಮ್ಮ ಎರಡು ಕೋಣೆಯ ಮನೆಯಲ್ಲಿ ಟಿವಿ ಇದ್ದ ಜಾಗಕ್ಕೆ ಮೂರಡಿ ಉದ್ದದ ಗಾಜಿನ ಟ್ಯಾಂಕ್ ಬಂತು. ಟಿವಿ ಕಪಾಟಿನ ಮೇಲೇರಿತು. ಅಪ್ಪ ಕತ್ತೆತ್ತಿ ಸುದ್ದಿ ನೋಡುತ್ತ, “ನನ್ನ ಕುತ್ತಿಗಿ ಇಲಾಜಿನ ಖರ್ಚು ಮೀನಿನ ಖಾತೆಕ್ಕ ಬರೀಬೇ” ಅನ್ನುತ್ತಿದ್ದರು. ಎರಡು ಕಿತ್ತಳೆ ಬಣ್ಣದ ಮೀನು, ಅವು ಮಲಗಲು ಗೊಂಡೆಯಂತಹ ಮೃದು ಬಳ್ಳಿಗಳ ಒಂದು ಸಮುದ್ರಹೂವು, ಕೆಲವು ಬಸವನಹುಳು, ಸೀಗಡಿ, ಮತ್ತು ಅಂಗಡಿಯವರು ‘ಬಟನ್’ ಅನ್ನುವ ಹಸಿರು ಹವಳ. ಅಂಗಿಯ ಗುಂಡಿಯಷ್ಟೇ ಅಗಲದ ಒಂದೊಂದು ತಲೆ. ತಂದಾಗ ಒಂದು ಚಿಕ್ಕ ಕಲ್ಲಿಗೆ ಒಂಬತ್ತು ತಲೆಗಳಿದ್ದವು. ಪ್ರತಿ ಗುರುವಾರ ಎಣಿಸುತ್ತಿದ್ದೆ. ಎರಡು ವರ್ಷದಲ್ಲಿ ಅವು ಪಕ್ಕದ ಕಲ್ಲಿಗೆ ಹಬ್ಬಿ, ಅದರಿಂದ ಇನ್ನೊಂದಕ್ಕೆ ದಾಟಿ, ಇನ್ನೂರನ್ನು ಮೀರಿದ್ದವು. ಆ ವಿಸ್ತಾರವನ್ನು ನಾನು ಹಣ ಕೊಟ್ಟು ತಂದಿರಲಿಲ್ಲ. ಅದು ನಮ್ಮ ಮನೆಯಲ್ಲೇ ಹುಟ್ಟಿದ್ದು.

ಇಂಥ ಉಪ್ಪುನೀರಿನ ಟ್ಯಾಂಕಿನಲ್ಲಿ ನೀರು ದಿನವೂ ಆವಿಯಾಗುತ್ತದೆ, ಉಪ್ಪು ಆವಿಯಾಗುವುದಿಲ್ಲ. ಆದ್ದರಿಂದ ಕಡಿಮೆಯಾದಷ್ಟು ಸಿಹಿನೀರನ್ನು ದಿನವೂ ತುಂಬಬೇಕು. ಆ ನೀರಿನಲ್ಲಿ ಏನು ಬೆರೆತಿದ್ದರೂ ಅದು ಒಳಗೇ ಉಳಿದು ದಿನದಿನಕ್ಕೆ ಹೆಚ್ಚುತ್ತ ಹೋಗುತ್ತದೆ. ನಲ್ಲಿಯ ನೀರು ಹೊಳೆಯದ್ದಾಗಿದ್ದಷ್ಟು ದಿನ ಹೇಗೋ ನಡೆದಿತ್ತು. ಆ ಏಪ್ರಿಲಿನಲ್ಲಿ ನೀರು ಸಾಲದೆ ನಮ್ಮ ಕಟ್ಟಡದ ಸೊಸೈಟಿಯವರು ಮೇಲಿನ ಟಾಕಿಗೆ ಬೋರಿನ ನೀರು ಬೆರೆಸಿದರು. ನೀರಿನಲ್ಲಿ ಕರಗಿದ್ದನ್ನು ಅಳೆಯುವ ಮೀಟರಿನಲ್ಲಿ ನೂರರ ಸುಮಾರು ಇರುತ್ತಿದ್ದ ಅಂಕಿ ಆರುನೂರಕ್ಕೆ ಏರಿತು, ಹವಳ ಮುದುಡತೊಡಗಿತು. ಸೆಕ್ರೆಟರಿ ಕಾಕಾ ಅವರ ಬಾಗಿಲಿಗೆ ಹೋಗಿ ಮೀಟರು ತೋರಿಸಿದೆ. “ಪಾಣಿ ಆಹೆ ನಾ? ಬಸ್!” ಅಂದರು. ನೀರು ಬರ್ತಾ ಇದೆಯಲ್ಲ, ಸಾಕು ಎಂದು. ತಪ್ಪೇನೂ ಹೇಳಲಿಲ್ಲ. ಕೆಳಗೆ ಕೊಡ ಹಿಡಿದು ಟ್ಯಾಂಕರಿಗೆ ಕಾಯುವವರಿದ್ದರು.

ಏಪ್ರಿಲ್ ಕೊನೆಗೆ ಅಡಿಗೆಮನೆಯ ಗೋಡೆಗೆ ಆರ್‌ಒ ಯಂತ್ರ ಕೂಡಿಸಿದೆ. ನೀರನ್ನು ಸೂಕ್ಷ್ಮವಾದ ಪೊರೆಯ ಮೂಲಕ ಒತ್ತಿ, ಕರಗಿದ್ದನ್ನೆಲ್ಲ ಹೊರಗೇ ನಿಲ್ಲಿಸುವ ಯಂತ್ರ. ಒಂದು ಬಕೆಟ್ ಒಳ್ಳೆ ನೀರಿಗೆ ಮೂರು ಬಕೆಟ್ ಹೊರಗೆ ಚೆಲ್ಲುತ್ತದೆ. ಅವ್ವ ಆ ಮೂರನ್ನೂ ಹಿಡಿದು ಬಟ್ಟೆಗೆ, ಭಾಂಡೆಗೆ, ನೆಲಕ್ಕೆ ಹಚ್ಚಿದಳು. “ಕೆಟ್ಟ ನೀರು ನಮಗ, ಚಲೋ ನೀರು ಮೀನಿಗೆ. ಇರ್ಲಿ ಬಿಡು, ಮೊಮ್ಮಕ್ಕಳಿದ್ದಿದ್ರ ಅವಕ್ಕೂ ಹಿಂಗ ಮಾಡ್ತಿದ್ದೆ,” ಅಂದಳು. ಮದುವೆಗೆ ಗಂಡು ಹುಡುಕುತ್ತಿದ್ದ ದಿನಗಳವು, ಮಾತು ಎತ್ತಿಂದೆತ್ತ ಹೊರಟರೂ ಕೊನೆಗೆ ಅಲ್ಲಿಗೇ ಬಂದು ನಿಲ್ಲುತ್ತಿತ್ತು. ಯಂತ್ರದಿಂದ ನೀರು ಸಣ್ಣ ಎಳೆಯಾಗಿ ಬೀಳುತ್ತಿತ್ತು, ಇಪ್ಪತ್ತು ಲೀಟರಿನ ಪ್ಲಾಸ್ಟಿಕ್ ಕ್ಯಾನ್ ತುಂಬಲು ಅರ್ಧ ದಿನ ಬೇಕು. ನಡುವೆ ಲೋಡ್‌ಶೆಡ್ಡಿಂಗ್. ನಾನು ಬೆಳಿಗ್ಗೆ ಕೆಲಸಕ್ಕೆ ಹೋಗಿಬಿಡುತ್ತಿದ್ದರಿಂದ ಯಂತ್ರ ನೋಡಿಕೊಳ್ಳುವ ಕೆಲಸ ಅವ್ವನದಾಯಿತು. ಸಂಜೆ ಬರುವಷ್ಟರಲ್ಲಿ ತುಂಬಿದ ಕ್ಯಾನ್ ಅದರ ಜಾಗದಲ್ಲಿ ನಿಂತಿರುತ್ತಿತ್ತು. ಮೀಟರು ಹಾಕಿದರೆ ಮೂರು, ಹೆಚ್ಚೆಂದರೆ ನಾಲ್ಕು. ಮೇ ತಿಂಗಳಲ್ಲಿ ಹವಳ ಮತ್ತೆ ಅರಳಿತು.

ಜೂನ್ ಕೊನೆಗೆ ಮಳೆ ಹಿಡಿದು ನಲ್ಲಿಯ ನೀರು ಚಹಾದ ಬಣ್ಣಕ್ಕೆ ತಿರುಗಿತು, ಕ್ಲೋರಿನ್ ವಾಸನೆ ಮೂಗಿಗೆ ಬಡಿಯುತ್ತಿತ್ತು. ಬಟನ್ನುಗಳು ಎರಡು ದಿನ ಅರ್ಧ ಮುಚ್ಚಿಕೊಂಡವು. ಊಟಕ್ಕೆ ಕೂತಾಗ ನಾನು, “ನೀರು ಇನ್ನೂ ಶುದ್ಧ ಆಗಬೇಕು” ಅಂದೆ. ಮರುವಾರ ಸೀಗಡಿ ಸತ್ತಿತು.

ಆಮೇಲೆ ಬಸವನಹುಳುಗಳು ಗಾಜಿನಿಂದ ಒಂದೊಂದಾಗಿ ಕಳಚಿ ಬಿದ್ದವು. ಎತ್ತಿ ಮತ್ತೆ ಅಂಟಿಸಿದರೆ ಮತ್ತೆ ಬೀಳುತ್ತಿದ್ದವು. ಬಟನ್ನುಗಳ ಅಂಚು ಒಳಗೆ ಮಡಚಿ, ಹಸಿರು ಕಂದಾಗಿ, ಒಂದು ದಿನ ಅಲ್ಲಿ ಬರೀ ಲೋಳೆ ಇರುತ್ತಿತ್ತು. ಗುರುವಾರದ ಎಣಿಕೆ ಇನ್ನೂರರಿಂದ ನೂರಾ ಎಪ್ಪತ್ತಕ್ಕೆ ಇಳಿಯಿತು, ಅಲ್ಲಿಂದ ನೂರಾ ಇಪ್ಪತ್ತಕ್ಕೆ. ಪೊರೆ ಬದಲಿಸಿದೆ. ಉಪ್ಪಿನ ಪುಡಿ ಬದಲಿಸಿದೆ. ನೆಲಕ್ಕೆ ಫಿನಾಯಿಲ್ ಬೇಡವೆಂದೆ, ಸೊಳ್ಳೆಬತ್ತಿ ಬೇಡವೆಂದೆ, ದೇವರ ಮುಂದಿನ ಊದಿನಕಡ್ಡಿಯನ್ನೂ ನಿಲ್ಲಿಸಿದೆ. ಅಡಿಗೆಮನೆಯಲ್ಲಿ ಒಗ್ಗರಣೆ ಸಿಡಿದರೆ ಓಡಿಹೋಗಿ ನಡುವಿನ ಬಾಗಿಲು ಹಾಕುತ್ತಿದ್ದೆ.

“ಉಸಿರು ಬಿಡಬಹುದೋ, ಅದೂ ಹೊರಗ ಹೋಗಿ ಬಿಟ್ಟು ಬರಬೇಕೋ?” ಅಂದರು ಅಪ್ಪ.

“ಸುಮ್ಮನಿರ್ರಿ,” ಅವ್ವ ಗದರಿದಳು. “ಕೂಸಿನ ಮಾರಿ ನೋಡ್ರಿ, ಹೆಂಗ ಸಣ್ಣ ಆಗ್ಯದ.”

“ಇನ್ನ ನೀ ಮೀನಿನ ಸಲುವಾಗಿ ಜೇಜುರಿ ದೇವರಿಗೆ ಹರಕಿ ಹೊರೂದೊಂದು ಉಳದದ.”

“ಹೊತ್ತೀನಿ. ನಿಮಗ್ಯಾಕ ಹೇಳಬೇಕು?”

ನನಗೆ ನಗು ಬರಲಿಲ್ಲ. ಕ್ಯಾನಿನ ನೀರಿಗೆ ಉಪ್ಪಿನ ಪುಡಿ ಕಲಸಿ ವಾರಕ್ಕೊಮ್ಮೆ ಬದಲಿಸುತ್ತಿದ್ದ ಟ್ಯಾಂಕಿನ ನೀರನ್ನು ಎರಡು ಸಲ, ಮೂರು ಸಲ ಬದಲಿಸತೊಡಗಿದೆ. ಕೆಟ್ಟದ್ದು ಏನಿದ್ದರೂ ತೊಳೆದುಹೋಗಲಿ ಎಂದು. ಬದಲಿಸಿದ ಮರುದಿನ ಇನ್ನಷ್ಟು ತಲೆಗಳು ಕರಗಿರುತ್ತಿದ್ದವು. ಹೆಚ್ಚು ನೀರು ಹಾಕಿದಷ್ಟೂ ಬೇಗ ಸಾಯುತ್ತಿವೆ ಎಂಬುದು ಡೈರಿಯ ಸಾಲುಗಳಲ್ಲಿ ಕಾಣುತ್ತಿತ್ತು, ಅದಕ್ಕೆ ಅರ್ಥ ಮಾತ್ರ ಸಿಗುತ್ತಿರಲಿಲ್ಲ, ಏಕೆಂದರೆ ಮೀಟರು ಮೂರು, ನಾಲ್ಕು ಅನ್ನುತ್ತಿತ್ತು. ನನ್ನ ಕೆಲಸದ ಭಾಷೆಯಲ್ಲಿ ಅದು ಹಸಿರು ಚೀಟಿ. ಸಂಜೆಯ ಊಟದಲ್ಲಿ ಅದೇ ಮಾತು: “ಎಲ್ಲೋ ತಪ್ಪೇತಿ. ನೀರು ಇನ್ನೂ ಶುದ್ಧ ಆಗವಲ್ದು.” ಅವ್ವ ತಲೆ ಆಡಿಸಿ ಕೇಳಿಸಿಕೊಳ್ಳುತ್ತಿದ್ದಳು.

ಆಗಸ್ಟಿನಲ್ಲಿ ಸಮುದ್ರಹೂವು ಸತ್ತಿತು. ಒಂದು ಸಂಜೆ ಬರುವಷ್ಟರಲ್ಲಿ ಅದು ಕಲ್ಲಿನಿಂದ ಬಿಟ್ಟು, ಒದ್ದೆ ಅರಿವೆಯ ಹಾಗೆ ಪಂಪಿನ ಬಾಯಿಗೆ ಸಿಕ್ಕಿಕೊಂಡಿತ್ತು. ಎರಡೂ ಮೀನುಗಳು ಅದರ ಸುತ್ತ ತಿರುಗುತ್ತ, ಹರಿದ ಬಳ್ಳಿಗಳೊಳಗೆ ನುಗ್ಗಿ ಮಲಗಲು ನೋಡುತ್ತಿದ್ದವು. ತೆಗೆದು ಹೊರಗೆ ಹಾಕಿದೆ. ಅಡಿಗೆಮನೆಯ ನೆಲದ ಮೇಲೆ ಕೂತು ಅತ್ತೆ. ಅವ್ವ ಚಹಾ ಮಾಡಿ ಪಕ್ಕಕ್ಕಿಟ್ಟಳು. “ನೀರಿಂದು ನನಗ ಬಿಡು. ಇನ್ನೂ ಚಂದಂಗ ಮಾಡಿಡ್ತೀನಿ” ಅಂದಳು. ಏನು ಮಾಡುತ್ತೀ ಎಂದು ನಾನು ಕೇಳಲಿಲ್ಲ. ಸಮಾಧಾನದ ಮಾತು ಅಂದುಕೊಂಡೆ.

ಶಿವಾಜಿನಗರ ಸ್ಟೇಷನ್ನಿನ ಹತ್ತಿರ ನಾನು ಹೋಗುತ್ತಿದ್ದ ಅಂಗಡಿಯ ಮಾಲೀಕರಿಗೆ ಫೋನು ಮಾಡಿದೆ. ಮರಾಠಿಯವರು, ಮಾತು ಕಡಿಮೆ. ಸೀಗಡಿ, ಹುಳು, ಹವಳ ಎಲ್ಲ ಹೋಗಿ ಮೀನು ಮಾತ್ರ ಆರಾಮಾಗಿವೆಯೇ ಎಂದು ಕೇಳಿದರು. ಹೌದೆಂದೆ. ಹಾಗಾದರೆ ನೀರಿನಲ್ಲಿ ತಾಮ್ರ ಇರಬೇಕು, ಮೀನಿನ ರೋಗಕ್ಕೆ ನಾವೇ ತಾಮ್ರದ ಔಷಧಿ ಹಾಕುತ್ತೇವೆ, ಮೀನು ತಡೆದುಕೊಳ್ಳುತ್ತದೆ, ಹವಳ ತಡೆಯುವುದಿಲ್ಲ ಅಂದರು. ಮನೆಯಲ್ಲಿ ತಾಮ್ರದ ಪೈಪು ಉಂಟೋ? ಇಲ್ಲ, ಕಬ್ಬಿಣದ್ದು. ಪಂಪಿನೊಳಗಿನ ತಂತಿ ಬಿಚ್ಚಿಕೊಂಡಿದೆಯೋ? ನೋಡಿದ್ದೇನೆ, ಇಲ್ಲ. ಬೇರೆ ಎಲ್ಲಾದರೂ ತಾಮ್ರ? ಮನೆಯಲ್ಲಿ ತಾಮ್ರವೇ ಇಲ್ಲ ಅಂದೆ.

ತಾಮ್ರ ಪರೀಕ್ಷಿಸುವ ಕಿಟ್ ಅವರು ಮುಂಬಯಿಯಿಂದ ತರಿಸಿ ಕೊಡುವಷ್ಟರಲ್ಲಿ ಬಟನ್ನುಗಳು ನಲವತ್ತಕ್ಕೆ ಇಳಿದಿದ್ದವು. ಶೀಶೆಯ ನೀರಿಗೆ ನಾಲ್ಕು ಹನಿ ಹಾಕಿ ಅಲುಗಿಸಬೇಕು. ತಾಮ್ರವಿಲ್ಲದಿದ್ದರೆ ನೀರು ಹಾಗೇ ಉಳಿಯುತ್ತದೆ, ಇದ್ದರೆ ಗುಲಾಬಿಯಾಗುತ್ತದೆ. ಶನಿವಾರ ಸಂಜೆ ಕೆಲಸದಿಂದ ಬಂದವಳೇ ಮೊದಲು ಟ್ಯಾಂಕಿನ ನೀರು ನೋಡಿದೆ. ಗುಲಾಬಿ. ಒಂದು ಕ್ಷಣ ಸಂತೋಷವೇ ಆಯಿತು, ಕಾರಣಕ್ಕೆ ಒಂದು ಹೆಸರು ಸಿಕ್ಕಿತಲ್ಲ ಎಂದು. ಆಮೇಲೆ ಕ್ಯಾನಿನ ನೀರು. ಅದು ಇನ್ನೂ ಗಾಢವಾದ ಗುಲಾಬಿ. ಯಂತ್ರ ಕೆಟ್ಟಿದೆ ಎಂದು ಅದರ ಕೊಳವೆಗೇ ಶೀಶೆ ಹಿಡಿದು ನೇರವಾಗಿ ನೀರು ತೆಗೆದೆ. ನಾಲ್ಕು ಹನಿ ಹಾಕಿದೆ. ಬಣ್ಣ ಬರಲಿಲ್ಲ. ತೊಳೆದು ಮತ್ತೆ ಮಾಡಿದೆ. ಬರಲಿಲ್ಲ.

ಕೊಳವೆಯ ತುದಿಯಿಂದ ಕ್ಯಾನಿನ ಬಾಯಿಗೆ ಒಂದೂವರೆ ಅಡಿ. ಅಷ್ಟರಲ್ಲಿ ನೀರು ಎಲ್ಲಿಗೋ ಹೋಗಿಬಂದಿತ್ತು. ಕಟ್ಟೆಯ ಆ ತುದಿಗೆ ಅವ್ವ ಹಿಟ್ಟು ನಾದುತ್ತಿದ್ದಳು. ಅಪ್ಪ ನಡುಬಾಗಿಲಲ್ಲಿ ಕೂತು ಬಟಾಣಿ ಸುಲಿಯುತ್ತಿದ್ದರು. ಕೇಳುವ ಮೊದಲೇ ನನಗೆ ಕೇಳಬಾರದು ಅನಿಸಿತು.

“ಅವ್ವಾ, ಯಂತ್ರದ ನೀರು ಸೀದಾ ಕ್ಯಾನಿಗೇ ಬೀಳ್ತದಲ್ಲ?”

“ಇಲ್ಲಬೇ. ಮೊದಲ ಹಂಡೇಕ ಹಿಡೀತೀನಿ. ರಾತ್ರಿ ಅದರಾಗ ಇಟ್ಟು, ಮರುದಿನ ತಂಬಿಗಿಲೆ ಕ್ಯಾನಿಗೆ ತುಂಬ್ತೀನಿ. ಒಂದು ಹನಿ ಕೆಡವಿಲ್ಲ.”

“ಯಾವ ಹಂಡೇಕ?”

“ಮನ್ಯಾಗ ಎಷ್ಟು ಹಂಡೆ ಅದಾವ? ದೇವರ ಮುಂದಿನ ತಾಮ್ರದ ಹಂಡೆ.”

ನಾನು ಹುಟ್ಟುವುದಕ್ಕೂ ಮೊದಲಿನಿಂದ ಆ ಹಂಡೆ ಮನೆಯಲ್ಲಿದೆ. ತಾಮ್ರದಲ್ಲಿ ರಾತ್ರಿಯಿಟ್ಟ ನೀರು ಒಳ್ಳೆಯದೆಂದು ಅಪ್ಪನಿಗೆ ದಿನವೂ ಎದ್ದ ಕೂಡಲೆ ಅದರ ತಂಬಿಗೆ. ಯಾವಾಗಲೂ ತುಂಬಿರುತ್ತಿತ್ತು, ಯಾವಾಗಲೂ ಮೇಲೊಂದು ಬಿಳಿ ಅರಿವೆ. ತಾಮ್ರ ಅಂದರೆ ನನಗೆ ಪೈಪು, ತಂತಿ, ಕಾರ್ಖಾನೆಯ ವಾಶರು. ಹಂಡೆ ತಾಮ್ರವಾಗಿರಲಿಲ್ಲ, ಹಂಡೆಯಾಗಿತ್ತು. ಪೊರೆ ದಾಟಿ ಬಂದ ನೀರಿನಲ್ಲಿ ಏನೂ ಇರುವುದಿಲ್ಲವಾದ್ದರಿಂದ ಅದು ಮುಟ್ಟಿದ್ದನ್ನು ಕರಗಿಸಿಕೊಳ್ಳುತ್ತದೆ. ಹಾಗೆ ಕರಗಿದ ತಾಮ್ರ ಮೀಟರಿನ ಅಂಕಿಯನ್ನು ಏರಿಸುವಷ್ಟೂ ಇರಲಿಲ್ಲ. ಹವಳಕ್ಕೆ ಅಷ್ಟು ಸಾಕು.

“ಯಾವಾಗಿಂದ ಹಂಗ ಮಾಡಾಕತ್ತಿ?”

“ಮಳಿ ಹಿಡದಾಗಿಂದ. ನೀರು ಇನ್ನೂ ಶುದ್ಧ ಆಗಬೇಕಂದೆಲ್ಲ ನೀನು. ಹೂವು ಸತ್ತಮ್ಯಾಲ ಎರಡೆರಡು ರಾತ್ರಿ ಇಡಾಕತ್ತೀನಿ. ವಾರಕ್ಕೊಮ್ಮೆ ತಿಕ್ಕತಿದ್ದೆ, ಈಗ ತುಂಬೂ ಮೊದಲ ಪ್ರತಿಸಲ ಹುಣಸೀಹಣ್ಣು ಹಚ್ಚಿ ಒಳಗ ಕೈ ಹಾಕಿ ತಿಕ್ಕತೀನಿ, ಬಂಗಾರಧಂಗ ಹೊಳೀತದ. ಯಾಕ?”

ಹೇಳಿದೆ. ಹೇಗೆ ಹೇಳಿದೆನೋ ನೆನಪಿಲ್ಲ. ಗುಲಾಬಿ ಶೀಶೆಗಳನ್ನು ತೋರಿಸಿದ್ದು ನೆನಪಿದೆ. ಅವ್ವ ಹಿಟ್ಟಿನ ಕೈಯಲ್ಲೇ ನಿಂತು ನೋಡಿದಳು.

“ತಾಮ್ರ ವಿಷ ಅಂತೀಯಾ? ನಿಮ್ಮಪ್ಪಗ ಮೂವತ್ತು ವರ್ಷದಿಂದ ಕುಡಿಸೀನಿ. ಅವರಿಗೇನಾಗ್ಯದ?”

“ಬೋಳ ಆಗೇನಿ,” ಅಂದರು ಅಪ್ಪ. ಯಾರೂ ನಗದಿದ್ದಾಗ ಬಟಾಣಿಯ ತಟ್ಟೆ ಎತ್ತಿಕೊಂಡು ಒಳಗೆ ಹೋದರು.

“ಮನಶ್ಯಾರಿಗಲ್ಲವ್ವಾ. ಹವಳಕ್ಕ.”

“ಹಂಗಂತ ಹೇಳಬೇಕಿತ್ತಿಲ್ಲ? ದಿನಾ ಸಂಜಿಕ ಶುದ್ಧ ಆಗಿಲ್ಲ, ಶುದ್ಧ ಆಗಿಲ್ಲ ಅಂತ ಹಾಡಿದಿ. ನಾ ಶುದ್ಧ ಮಾಡಿದೆ.” ದನಿ ಏರಿತ್ತು. ಆಮೇಲೆ ಒಮ್ಮೆಲೆ ಇಳಿಯಿತು. “ಹೂವೂ ಅದಕ್ಕ ಸತ್ತಿತೇನು?”

ನಾನು ಶೀಶೆಗಳ ಗುಲಾಬಿ ನೀರನ್ನು ಮೋರಿಗೆ ಸುರಿದೆ. ಅವಳು ತಿರುಗಿ ಮತ್ತೆ ಹಿಟ್ಟು ನಾದಿದಳು. ಆ ಸಂಜೆಯ ರೊಟ್ಟಿ ಯಾರೂ ಉಣ್ಣಲಿಲ್ಲ.

ಇನ್ನು ಉಳಿದದ್ದು ನಲವತ್ತು ತಲೆಗಳನ್ನು ಉಳಿಸುವುದು. ಮತ್ತೆ ಅಂಗಡಿಯವರಿಗೆ ಫೋನು ಮಾಡಿದೆ. ನೀರು ಬದಲಿಸಿ ಪ್ರಯೋಜನವಿಲ್ಲ, ಕಲ್ಲು ಮರಳು ತಾಮ್ರ ಕುಡಿದಿವೆ, ಸ್ವಲ್ಪ ಸ್ವಲ್ಪವೇ ಬಿಡುತ್ತಿರುತ್ತವೆ, ಹವಳವನ್ನು ಹೊರಗೆ ತೆಗೆ ಅಂದರು. ಆ ಕಲ್ಲುಗಳ ಮೇಲೇ ಅವು ಹುಟ್ಟಿ ಹಬ್ಬಿದ್ದು. ಹೊಸ ಪ್ಲಾಸ್ಟಿಕ್ ಟಬ್ ತಂದು ಉಪ್ಪುನೀರು ಕಲಸಿ, ಉಳಿಯ ತುದಿಯಿಂದ ಬಟನ್ನುಗಳನ್ನು ಒಂದೊಂದಾಗಿ ಎಬ್ಬಿಸಿದೆ. ಮೆತ್ತಗಾಗಿದ್ದವು ಮುಟ್ಟಿದರೆ ಬೆರಳಿಗೇ ಅಂಟಿ ಬರುತ್ತಿದ್ದವು. ಟಬ್ಬಿಗೆ ಸೇರಿದ್ದು ಹದಿನೇಳು.

ನೀರಿನ ಕಾವಲನ್ನು ಅವ್ವ ಹಿಡಿದಳು. ಯಂತ್ರದ ಕೆಳಗೆ ಮಣೆ ಹಾಕಿ ಕೂತು, ಕ್ಯಾನಿನ ಬಾಯಿಗೆ ಕಣ್ಣು ನೆಟ್ಟು, ಕೈಯ ಬಳೆ ತೆಗೆದಿಟ್ಟು. ಬಳೆ ಗಾಜಿನವು, ಏನಾಗುವುದಿಲ್ಲ ಅಂದರೂ ಕೇಳಲಿಲ್ಲ. ಅಪ್ಪ ಬೆಳಗಿನ ತಂಬಿಗೆ ಹಿಡಿದು ಆ ಕಡೆ ಹಾದರೆ, “ದೂರ ಹೋಗ್ರಿ ಅದನ್ನ ತಗೊಂಡು!” ಎಂದು ಕೂಗುತ್ತಿದ್ದಳು. ಕರೆಂಟು ಹೋದಾಗ ಬೀಸಣಿಗೆಯಿಂದ ಟಬ್ಬಿನ ನೀರಿಗೆ ಗಾಳಿ ಹಾಕುತ್ತಿದ್ದಳು. ನಾನು ಕಾರ್ಖಾನೆಯಿಂದ ದಿನಕ್ಕೆರಡು ಸಲ ಫೋನು ಮಾಡಿ, “ತೆರದಾವೇನು?” ಎಂದು ಕೇಳುತ್ತಿದ್ದೆ. “ಇಲ್ಲಬೇ,” ಅನ್ನುತ್ತಿದ್ದಳು. ಒಮ್ಮೆಯೂ ಸುಳ್ಳು ಹೇಳಲಿಲ್ಲ, ಹೇಳಿದ್ದರೂ ಆದೀತು ಅನಿಸುತ್ತಿತ್ತು. ಹದಿನೇಳು ಹತ್ತಾಯಿತು. ಹತ್ತು ಐದಾಯಿತು.

ನಮ್ಮ ಕೈಯಲ್ಲಿ ಆಗುವುದಿಲ್ಲ ಎಂಬುದು ಐದಕ್ಕೆ ಖಾತ್ರಿಯಾಯಿತು. ಗುರುವಾರ ಅವುಗಳನ್ನು ಉಪ್ಪಿನಕಾಯಿಯ ಪ್ಲಾಸ್ಟಿಕ್ ಡಬ್ಬಿಯಲ್ಲಿ ಹಾಕಿಕೊಂಡು ಆಕುರ್ಡಿಯಿಂದ ಲೋಕಲ್ ಹಿಡಿದೆವು. ಅವ್ವನೂ ಹೊರಟಿದ್ದಳು. ಡಬ್ಬಿಯನ್ನು ನನ್ನ ಕೈಗೆ ಕೊಡಲಿಲ್ಲ, ಎರಡೂ ಅಂಗೈಯಲ್ಲಿ ಹಿಡಿದು ರೈಲು ಕುಲುಕಿದಾಗಲೆಲ್ಲ ಮೇಲಕ್ಕೆತ್ತುತ್ತಿದ್ದಳು. ಎದುರು ಕೂತ ಹೆಂಗಸು ಮರಾಠಿಯಲ್ಲಿ ಅದೇನು ಔಷಧವೇ ಎಂದು ಕೇಳಿದಳು. ಅವ್ವ ತನ್ನ ಅರೆಬರೆ ಮರಾಠಿಯಲ್ಲಿ, “ಫೂಲ್. ಆಜಾರಿ ಆಹೆ” ಅಂದಳು. ಹೂವು, ಕಾಯಿಲೆಯಾಗಿದೆ ಎಂದು. ಆ ಹೆಂಗಸು ಡಬ್ಬಿಯೊಳಗೆ ಇಣುಕಿ, ಮುದುಡಿದ ಐದು ಕಂದು ಚುಕ್ಕೆಗಳನ್ನು ನೋಡಿದಳು.

ಅಂಗಡಿಯವರು ಅವುಗಳನ್ನು ತಮ್ಮ ಟ್ಯಾಂಕಿನ ಒಂದು ಮೂಲೆಗೆ ಇಟ್ಟರು. ಮಾತು ಕೊಡಲಿಲ್ಲ, ನೋಡೋಣ ಅಂದರು. ನಾವು ಖಾಲಿ ಡಬ್ಬಿ ಹಿಡಿದು ವಾಪಸಾದೆವು.

ಮನೆಯ ಟ್ಯಾಂಕಿನಲ್ಲಿ ಎರಡು ಮೀನು ಉಳಿದವು. ತಾಮ್ರ ಅವುಗಳನ್ನು ಏನೂ ಮಾಡಿರಲಿಲ್ಲ. ಹೂವಿದ್ದ ಕಲ್ಲಿನ ಬಳಿ ಮಲಗಲು ಹೋಗಿ, ಅಲ್ಲಿ ಏನೂ ಇಲ್ಲದೆ, ಕೊನೆಗೆ ಪಂಪಿನ ಸಂದಿಯಲ್ಲಿ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತಿದ್ದವು. ಕಲ್ಲುಗಳು ಬೂದಿ ಬಣ್ಣಕ್ಕೆ ತಿರುಗಿದವು. ನಾನು ತಾಮ್ರ ಹೀರುವ ಇದ್ದಿಲು ಹಾಕಿದೆ, ಮರಳು ತೆಗೆದು ಚೆಲ್ಲಿದೆ. ಕಲ್ಲು ಚೆಲ್ಲಲು ಮನಸ್ಸಾಗಲಿಲ್ಲ. ಗುರುವಾರ ಎಣಿಸಲು ಏನೂ ಇರಲಿಲ್ಲ, ತಾಮ್ರವನ್ನೇ ಪರೀಕ್ಷಿಸಿ ಬರೆಯುತ್ತಿದ್ದೆ.

ದೀಪಾವಳಿ ಕಳೆದ ಮೇಲೆ ಅಂಗಡಿಯವರ ಫೋನು ಬಂತು. ಐದರಲ್ಲಿ ಮೂರು ಉಳಿದು, ಆ ಮೂರು ಈಗ ಎಂಟಾಗಿವೆ, ಹಸಿರು ಚೆನ್ನಾಗಿ ಬಂದಿದೆ, ಬಂದು ಒಯ್ಯಿ ಅಂದರು. ಅಲ್ಲೇ ಇರಲಿ ಅಂದೆ. ಅವರು ಕಾರಣ ಕೇಳಲಿಲ್ಲ.

ಅವ್ವ ಕೇಳಿದಳು. “ತರೂಣಲ್ಲ? ಬದುಕ್ಯಾವಂತಲ್ಲ?”

“ಇಲ್ಲಿ ತಂದ್ರ ಸಾಯ್ತಾವವ್ವಾ. ಕಲ್ಲಿನಾಗ ಇನ್ನೂ ಅದ.”

“ಯಾವಾಗ ಹೋಗ್ತದ?”

“ಗೊತ್ತಿಲ್ಲ.”

“ನಿನ್ನ ಬುಕ್ಕಿನಾಗೂ ಬರದಿಲ್ಲೇನು?”

“ಇಲ್ಲ.”

ಮುಂದಿನ ಗುರುವಾರ ಟ್ಯಾಂಕಿನ ನೀರು ತೆಗೆಯುವಾಗ ಅವ್ವ ಬಂದು ಪಕ್ಕದಲ್ಲಿ ನಿಂತಳು. ಶೀಶೆಗೆ ನಾಲ್ಕು ಹನಿ ಹಾಕಿ, ಅಲುಗಿಸಿ, ಬಿಳಿ ಹಾಳೆಯ ಮುಂದೆ ಹಿಡಿದೆ. ಸ್ವಲ್ಪ ಹೊತ್ತು ನೀರು ನೀರಾಗಿಯೇ ಇತ್ತು.

“ಹೋತಲ್ಲ?” ಅಂದಳು ಅವ್ವ.

ಆಮೇಲೆ ಬಣ್ಣ ಬಂತು.